ಸಿಡಿಲು ಬಡಿದಂಥ ತಲೆನೋವು ಬಂದ್ರೆ ಕಾಯಬೇಡಿ: ಮಿದುಳಿನ ರಕ್ತನಾಳದ ಉಬ್ಬಿಗೆ ಕಾಯಿಲ್ ಚಿಕಿತ್ಸೆ, ಇಲ್ಲಿದೆ ಪೂರ್ಣ ಮಾಹಿತಿ

ಜ್ಞಾನಭಾರತಿ: ಬೆಳಗಿನ ಹೊತ್ತು ಬೆಂಗಳೂರು ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ವಾಕಿಂಗ್ ಬರುವವರ ಮಾತಲ್ಲಿ ಬಿಪಿ, ಶುಗರ್, ಮಂಡಿನೋವು ಎಲ್ಲಾ ಬಂದು ಹೋಗುತ್ತೆ. ಹಾರ್ಟ್ ಅಟ್ಯಾಕ್ ಅಂದ್ರೆ ಏನು ಮಾಡಬೇಕು ಅನ್ನೋದೂ ಈಗ ಬಹುತೇಕರಿಗೆ ಗೊತ್ತು. ಆದರೆ ಮಿದುಳಿನ ರಕ್ತನಾಳ ಒಂದು ಕಡೆ ಉಬ್ಬಿಕೊಂಡು, ಒಂದು ದಿನ ಏಕಾಏಕಿ ಒಡೆಯುವ ‘ಅನ್ಯೂರಿಸಂ’ ಬಗ್ಗೆ ಕೇಳಿದವರು ಕಮ್ಮಿ. ಒಡೆದಾಗ ಬರುವ ಮೊದಲ ಲಕ್ಷಣ ತಲೆನೋವು. ತಲೆನೋವು ತಾನೇ ಅಂತ ಬಾಮ್ ಹಚ್ಚಿ ಮಲಗಿದವರು ಅಮೂಲ್ಯವಾದ ಗಂಟೆಗಳನ್ನು ಕಳೆದುಕೊಳ್ಳುತ್ತಾರೆ. ತಲೆಬುರುಡೆ ತೆರೆಯದೆಯೇ ಇದನ್ನು ಮುಚ್ಚುವ ಕಾಯಿಲ್ ಚಿಕಿತ್ಸೆ ನಮ್ಮ ಊರಲ್ಲೇ ಇದೆ. ಸರಿಯಾದ ಹೊತ್ತಿಗೆ ಸರಿಯಾದ ಜಾಗ ತಲುಪಬೇಕು, ಅಷ್ಟೇ.

ಏನಿದು ಅನ್ಯೂರಿಸಂ?

ಹಳೇ ಸೈಕಲ್ ಟ್ಯೂಬ್ ಒಂದು ಕಡೆ ಸವೆದಿದ್ದರೆ, ಗಾಳಿ ಹೊಡೆದಾಗ ಅಲ್ಲಿ ಗುಳ್ಳೆ ಏಳುತ್ತದಲ್ಲ, ಹಾಗೆಯೇ ಇದೂ. ಮಿದುಳಿನ ಬುಡದಲ್ಲಿ ರಕ್ತನಾಳಗಳು ಕವಲೊಡೆಯುವ ಜಾಗದಲ್ಲಿ ಗೋಡೆ ತೆಳುವಾಗಿ, ರಕ್ತದ ಒತ್ತಡಕ್ಕೆ ಉಬ್ಬಿ ಸಣ್ಣ ಚೀಲದಂತಾಗುತ್ತದೆ. ನೂರು ವಯಸ್ಕರಲ್ಲಿ ಸುಮಾರು ಮೂವರಿಗೆ ಇಂಥ ಉಬ್ಬು ಇರಬಹುದು ಎಂಬ ಅಂದಾಜಿದೆ. ಗಾಬರಿ ಬೇಡ, ಹೆಚ್ಚಿನವು ಜೀವಮಾನವಿಡೀ ಒಡೆಯುವುದೇ ಇಲ್ಲ.

ಒಡೆದರೆ ಮಾತ್ರ ಕಥೆ ಬೇರೆ. ಮಿದುಳಿನ ಸುತ್ತಲಿನ ಪೊರೆಯ ನಡುವೆ ರಕ್ತ ಹರಡುತ್ತದೆ. ಹೀಗಾದವರಲ್ಲಿ ಸುಮಾರು ಮೂರನೇ ಒಂದು ಭಾಗ ಬದುಕುವುದಿಲ್ಲ. ಒಮ್ಮೆ ಒಡೆದದ್ದು ಮತ್ತೆ ಒಡೆಯುವ ಅಪಾಯ ಮೊದಲ 24 ಗಂಟೆಗಳಲ್ಲೇ ಅತಿ ಹೆಚ್ಚು. ಎರಡನೇ ಸಲದ ರಕ್ತಸ್ರಾವ ಮೊದಲಿನದಕ್ಕಿಂತ ಘೋರ. ಚಿಕಿತ್ಸೆಗೆ ಇಷ್ಟು ಅವಸರ ಯಾಕೆ ಅಂದ್ರೆ ಇದಕ್ಕೇ.

ಯಾರು ಹೆಚ್ಚು ಎಚ್ಚರದಿಂದಿರಬೇಕು?

- ಬಿಪಿ ಇದ್ದೂ ಮಾತ್ರೆ ಸರಿಯಾಗಿ ತಗೊಳ್ಳದವರು
- ಬೀಡಿ, ಸಿಗರೇಟು ಸೇದುವವರು
- ತಂದೆ-ತಾಯಿ, ಒಡಹುಟ್ಟಿದವರಲ್ಲಿ ಇಬ್ಬರು ಅಥವಾ ಹೆಚ್ಚು ಮಂದಿಗೆ ಅನ್ಯೂರಿಸಂ ಆಗಿದ್ದರೆ
- ವಂಶಪಾರಂಪರ್ಯವಾಗಿ ಕಿಡ್ನಿಯಲ್ಲಿ ನೀರುಗುಳ್ಳೆ ಏಳುವ ಕಾಯಿಲೆ ಇರುವವರು

ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಮನೆಯ ಹೆಂಗಸರ ತಲೆನೋವನ್ನು ‘ನಿದ್ದೆಗೆಟ್ಟಿರಬೇಕು, ಪಿತ್ತ ಇರಬೇಕು’ ಅಂತ ತಳ್ಳಿಹಾಕುವ ಮುಂಚೆ ಇದು ನೆನಪಿರಲಿ.

ಯಾವ ತಲೆನೋವು ಅಪಾಯ?

ಮೈಗ್ರೇನ್ ನಿಧಾನವಾಗಿ ಏರುತ್ತದೆ. ಇದು ಹಾಗಲ್ಲ, ಕ್ಷಣಾರ್ಧದಲ್ಲಿ ತುತ್ತತುದಿಗೆ ಹೋಗುತ್ತದೆ. ಉಳಿದು ಬಂದವರು ‘ಜೀವಮಾನದಲ್ಲೇ ಇಂಥ ನೋವು ಕಂಡಿರಲಿಲ್ಲ’ ಅನ್ನುತ್ತಾರೆ. ಜೊತೆಗೆ ವಾಂತಿ, ಕುತ್ತಿಗೆ ಬಿಗಿತ, ಬೆಳಕು ನೋಡಲಾಗದಿರುವುದು, ಒಂದು ಕಣ್ಣಿನ ರೆಪ್ಪೆ ಜೋತುಬೀಳುವುದು, ಫಿಟ್ಸ್, ಪ್ರಜ್ಞೆ ತಪ್ಪುವುದು ಇವುಗಳಲ್ಲಿ ಯಾವುದಾದರೂ ಇರಬಹುದು.

ಇಲ್ಲಿ ನಾವು ಮಾಡುವ ತಪ್ಪುಗಳೂ ಇವೆ. ವಾಂತಿ ಆಯ್ತು ಅಂದ್ರೆ ಗ್ಯಾಸ್ಟ್ರಿಕ್ ಅನ್ನುತ್ತೇವೆ. ಫಿಟ್ಸ್ ಬಂತು ಅಂದ್ರೆ ಕೈಗೆ ಬೀಗದಕೈ ಕೊಡುತ್ತೇವೆ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಬಿಡುತ್ತೇವೆ. ಇವ್ಯಾವುದೂ ಬೇಡ. ರಕ್ತ ತೆಳುವಾಗಿಸುವ ಆಸ್ಪಿರಿನ್ ಮಾತ್ರೆಯನ್ನಂತೂ ಕೊಡಲೇಬಾರದು. ಒಂದು ಮಗ್ಗುಲಿಗೆ ಮಲಗಿಸಿ, 108ಕ್ಕೆ ಫೋನ್ ಮಾಡಿ.

ಪತ್ತೆ ಹೇಗೆ?

ಮೊದಲು ತಲೆಯ ಸಿ.ಟಿ. ಸ್ಕ್ಯಾನ್. ನೋವು ಶುರುವಾದ ಆರು ಗಂಟೆಯೊಳಗೆ ತೆಗೆದರೆ ರಕ್ತಸ್ರಾವ ಕಾಣದೆ ಹೋಗುವುದು ಬಹಳ ಅಪರೂಪ. ದಿನಗಳು ಕಳೆದಂತೆ ಸ್ಕ್ಯಾನ್‌ನಲ್ಲಿ ರಕ್ತ ಮಸುಕಾಗುತ್ತದೆ, ಆಗ ಬೆನ್ನಿನಿಂದ ನೀರು ತೆಗೆದು ಪರೀಕ್ಷೆ ಮಾಡಬೇಕಾಗಬಹುದು. ಉಬ್ಬು ಎಲ್ಲಿದೆ, ಎಷ್ಟು ದೊಡ್ಡದು, ಅದರ ಕತ್ತು ಎಷ್ಟು ಅಗಲ ಎಂಬುದು ಆಂಜಿಯೋಗ್ರಾಂನಲ್ಲಿ ತಿಳಿಯುತ್ತದೆ.

ಕಾಯಿಲ್ ಹಾಕುವುದು ಹೇಗೆ?

ಹಾರ್ಟ್‌ಗೆ ಸ್ಟೆಂಟ್ ಹಾಕುವುದನ್ನು ಕೇಳಿದವರಿಗೆ ಇದು ಬೇಗ ಅರ್ಥವಾಗುತ್ತೆ. ಕ್ಯಾಥ್ ಲ್ಯಾಬ್‌ನಲ್ಲಿ ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಕೊಟ್ಟು, ತೊಡೆಸಂದಿನ ಅಥವಾ ಮಣಿಕಟ್ಟಿನ ರಕ್ತನಾಳದ ಮೂಲಕ ತೆಳ್ಳಗಿನ ನಳಿಕೆಯನ್ನು ಕತ್ತಿನ ತನಕ ಒಯ್ಯುತ್ತಾರೆ. ಅದರೊಳಗಿಂದ ಇನ್ನೂ ಸಣ್ಣ ನಳಿಕೆ ಉಬ್ಬಿನ ಬಾಯಿಗೆ ಹೋಗುತ್ತದೆ. ದಾರಿ ತೋರುವುದು ಎಕ್ಸ್‌ರೇ ಪರದೆ.

ನಂತರ ಕೂದಲೆಳೆಯಂಥ ಪ್ಲಾಟಿನಂ ತಂತಿಯನ್ನು ಒಳಗೆ ಬಿಡುತ್ತಾರೆ. ಅದು ಒಳಗೆ ಹೋದ ಮೇಲೆ ಉಂಡೆಯಾಗಿ ಸುತ್ತಿಕೊಳ್ಳುತ್ತದೆ. ಸರಿಯಾಗಿ ಕೂರಲಿಲ್ಲವೆಂದರೆ ವಾಪಸ್ ಎಳೆದು ಮತ್ತೆ ಕೂರಿಸಬಹುದು. ಕೂತಿತು ಅಂದ ಮೇಲೆ ಬಿಡಿಸುತ್ತಾರೆ. ಹಲವು ಬಗೆಯ ಕಾಯಿಲ್‌ಗಳಲ್ಲಿ ಇದಕ್ಕೆ ಸಣ್ಣ ವಿದ್ಯುತ್ ಹರಿಸುತ್ತಾರೆ. ಹೀಗೆ ಒಂದರ ಮೇಲೊಂದು ಹಲವು ಕಾಯಿಲ್. ಲೋಹವೇ ಇಡೀ ಚೀಲವನ್ನು ತುಂಬುವುದಿಲ್ಲ, ಸಂದುಗಳಲ್ಲಿ ರಕ್ತ ಹೆಪ್ಪುಗಟ್ಟಿ ಮುಚ್ಚಿಕೊಳ್ಳುತ್ತದೆ. ಕತ್ತು ಅಗಲವಿದ್ದರೆ ಬಲೂನ್ ಅಥವಾ ಸ್ಟೆಂಟ್ ಆಸರೆ ಬೇಕಾಗುತ್ತದೆ.

ವಿದ್ಯುತ್ತಿನಿಂದ ಬಿಡಿಸುವ ಈ ಕಾಯಿಲ್ ಅನ್ನು ರೂಪಿಸಿದವರು ಇಟಲಿ ಮೂಲದ ವೈದ್ಯ ಗ್ವಿದೊ ಗುಲ್ಯೆಲ್ಮಿ. ಲಾಸ್ ಏಂಜಲೀಸ್‌ನಲ್ಲಿ 1990ರಲ್ಲಿ ಮೊದಲ ಬಾರಿಗೆ ರೋಗಿಗೆ ಬಳಸಿದರು.

ಆಪರೇಷನ್ ಒಳ್ಳೇದಾ, ಕಾಯಿಲಾ?

ತಲೆಬುರುಡೆ ತೆರೆದು ಉಬ್ಬಿನ ಕತ್ತಿಗೆ ಕ್ಲಿಪ್ ಹಾಕುವ ಪದ್ಧತಿ 1937ರಿಂದ ಇದೆ. ಒಡೆದ ಅನ್ಯೂರಿಸಂನ 2,143 ರೋಗಿಗಳಲ್ಲಿ ಎರಡನ್ನೂ ಹೋಲಿಸಿದ ಅಂತರರಾಷ್ಟ್ರೀಯ ಅಧ್ಯಯನದ ಫಲಿತಾಂಶ 2002ರಲ್ಲಿ ಬಂತು. ಒಂದು ವರ್ಷದ ನಂತರ ತೀರಿಕೊಂಡವರು ಅಥವಾ ಇನ್ನೊಬ್ಬರ ಆಸರೆಯಲ್ಲಿ ಬದುಕುತ್ತಿದ್ದವರು ಕಾಯಿಲ್ ಗುಂಪಿನಲ್ಲಿ ಸುಮಾರು 24%, ಕ್ಲಿಪ್ ಗುಂಪಿನಲ್ಲಿ ಸುಮಾರು 31%.

ಹಾಗಂತ ಎಲ್ಲರಿಗೂ ಕಾಯಿಲ್ ಅಲ್ಲ. ಆ ಅಧ್ಯಯನದಲ್ಲಿದ್ದವರು ಎರಡೂ ವಿಧಾನಕ್ಕೆ ಹೊಂದುವವರು. ರಕ್ತ ದೊಡ್ಡ ಗಡ್ಡೆಯಾಗಿ ಕೂತಿದ್ದರೆ ಅಥವಾ ಉಬ್ಬಿನ ಆಕಾರ ಹೊಂದದಿದ್ದರೆ ಆಪರೇಷನ್ನೇ ಮೇಲು. ಕಾಯಿಲ್ ಹಾಕುವಾಗ ಉಬ್ಬು ಒಡೆಯುವ, ಹೆಪ್ಪು ಕಟ್ಟಿ ಪಾರ್ಶ್ವವಾಯು ಆಗುವ ಅಪಾಯವೂ ಇದೆ. ಕೆಲವರಲ್ಲಿ ಕಾಯಿಲ್ ಅದುಮಿಕೊಂಡು ಉಬ್ಬು ಮತ್ತೆ ತೆರೆದುಕೊಳ್ಳುತ್ತದೆ. ಎರಡೂ ಮಾಡುವ ವೈದ್ಯರಿರುವ ಆಸ್ಪತ್ರೆಯಲ್ಲಿ ಈ ತೀರ್ಮಾನ ಆಗಬೇಕು.

ಒಡೆಯದ ಸಣ್ಣ ಉಬ್ಬು ಬೇರೆ ಯಾವುದೋ ಸ್ಕ್ಯಾನ್‌ನಲ್ಲಿ ಕಂಡರೆ ತಕ್ಷಣ ಚಿಕಿತ್ಸೆ ಬೇಕೇ ಬೇಕು ಅಂತಿಲ್ಲ. ಗಾತ್ರ, ಜಾಗ, ವಯಸ್ಸು ನೋಡಿ, ಬಿಪಿ ಹತೋಟಿಯಲ್ಲಿಟ್ಟು ಕಾದು ನೋಡಬಹುದು.

ಜ್ಞಾನಭಾರತಿಯಿಂದ ಎಲ್ಲಿಗೆ?

ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ದಿನದ 24 ಗಂಟೆ ತುರ್ತು ವಿಭಾಗವಿದೆ, ಕಾಯಿಲ್ ಹಾಕುವ ವಿಭಾಗವೂ ಇದೆ. ನಮ್ಮ ಕಡೆಯಿಂದ ಹತ್ತು ಕಿಲೋಮೀಟರಿಗಿಂತ ಹೆಚ್ಚು ದೂರ. ನಾಯಂಡಹಳ್ಳಿ ಜಂಕ್ಷನ್ನಿನ ಟ್ರಾಫಿಕ್ ಎಲ್ಲರಿಗೂ ಗೊತ್ತಿದ್ದದ್ದೇ. ರೋಗಿ ಉಸಿರಾಡಲು ಕಷ್ಟಪಡುತ್ತಿದ್ದರೆ ಮೊದಲು ಹತ್ತಿರದ ಆಸ್ಪತ್ರೆ. ಉಸಿರಾಟ ಸರಿಯಿದ್ದರೆ, ಹೊರಡುವಾಗಲೇ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ: ಸಿ.ಟಿ. ಸ್ಕ್ಯಾನ್ ಈಗಲೇ ಆಗುತ್ತಾ? ನ್ಯೂರೋ ಸರ್ಜನ್ ಇದ್ದಾರಾ? ಮಿದುಳಿಗೆ ಕಾಯಿಲ್ ಹಾಕುವ ವ್ಯವಸ್ಥೆ ಇದೆಯಾ?

ಖರ್ಚಿನ ಮಾತು

ಕಾಯಿಲ್ ದುಬಾರಿ, ಎಷ್ಟು ಬೇಕಾಗುತ್ತವೆ ಎಂಬುದರ ಮೇಲೆ ಬಿಲ್ ಏರುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30%, ವರ್ಷಕ್ಕೆ ಗರಿಷ್ಠ 1.5 ಲಕ್ಷ ರೂ. ತುರ್ತು ಸಂದರ್ಭದಲ್ಲಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಇಲ್ಲದೆಯೂ ನೋಂದಾಯಿತ ಆಸ್ಪತ್ರೆಗೆ ನೇರ ಹೋಗಬಹುದು. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ.

ಚಿಕಿತ್ಸೆ ಆದ ಮೇಲೆ

ಉಬ್ಬು ಮುಚ್ಚಿತು ಅಂದ ಮಾತ್ರಕ್ಕೆ ಗಂಡಾಂತರ ಕಳೀತು ಅಂತಲ್ಲ. ಒಡೆದ 4ರಿಂದ 14ನೇ ದಿನದ ನಡುವೆ ಮಿದುಳಿನ ರಕ್ತನಾಳಗಳು ಸೆಟೆದು ಕಿರಿದಾಗಬಹುದು. ಅದಕ್ಕೇ ಐಸಿಯು ನಿಗಾ, 21 ದಿನ ನಿಮೋಡಿಪಿನ್ ಮಾತ್ರೆ. ‘ಚೆನ್ನಾಗಿ ಮಾತಾಡ್ತಿದ್ದಾರಲ್ಲ, ಮನೆಗೆ ಕಳಿಸಿ’ ಅಂತ ವೈದ್ಯರನ್ನು ಒತ್ತಾಯಿಸಬೇಡಿ. ಸುಮಾರು ಆರು ತಿಂಗಳಿಗೆ ಮತ್ತೆ ಸ್ಕ್ಯಾನ್ ಅಥವಾ ಆಂಜಿಯೋಗ್ರಾಂ ಮಾಡಿಸಲೇಬೇಕು. ಪ್ಲಾಟಿನಂ ಕಾಯಿಲ್ ಇದ್ದವರು ಎಂಆರ್‌ಐ ಮಾಡಿಸಬಹುದು, ಆದರೆ ಮೊದಲೇ ತಿಳಿಸಿ ಡಿಸ್ಚಾರ್ಜ್ ಚೀಟಿ ತೋರಿಸಿ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಬೀಡಿ, ಸಿಗರೇಟು ಪೂರ್ತಿ ಬಿಡಬೇಕು.

(ಇದು ಸಾಮಾನ್ಯ ತಿಳಿವಳಿಕೆಗಾಗಿ. ನಿಮ್ಮ ಚಿಕಿತ್ಸೆಯ ತೀರ್ಮಾನ ವೈದ್ಯರ ಜೊತೆ ಮಾತಾಡಿಯೇ ಆಗಲಿ.)