ಆಣೆಯ ಲೆಕ್ಕದಿಂದ ಹತ್ತರ ಲೆಕ್ಕಕ್ಕೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಸೀಮೆಯಲ್ಲಿ ಮಕ್ಕಳಿಗೆ ಅಂಕಿಗಳ ಸ್ಥಾನಬೆಲೆಯನ್ನು ಮನೆಯಲ್ಲೇ ಕಲಿಸುವುದು ಸಲೀಸಾದದ್ದು 1957ರಿಂದ ಈಚೆಗೆ. ಅಲ್ಲಿಯವರೆಗೆ ಸ್ಲೇಟಿನ ಲೆಕ್ಕ ಹತ್ತರದು. ಮನೆ, ಕಣ, ಸಂತೆಯ ಲೆಕ್ಕ ಹದಿನಾರು, ಇಪ್ಪತ್ತು, ನಲವತ್ತರದು.

ಕನ್ನಡ ನಾಡಿಗೆ ಸ್ಥಾನಬೆಲೆ ಹೊಸದೇನಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ವು ಏಕ, ದಶ, ಶತದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಡುತ್ತದೆ. 12ನೇ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ರಚಿಸಿದ. ಊರಿನ ಕೂಲಿಮಠಕ್ಕೆ ಇಷ್ಟೆಲ್ಲ ಬೇಕಿರಲಿಲ್ಲ. ಐಗಳು ಮರಳಿನ ಮೇಲೆ ಬೆರಳಿನಿಂದ ಅಂಕಿ ತಿದ್ದಿಸಿ, ಮಗ್ಗಿಯನ್ನು ಗಟ್ಟಿದನಿಯಲ್ಲಿ ಹೇಳಿಸುತ್ತಿದ್ದರು. ಅದರ ಜೊತೆಗೆ ಕಾಲು, ಅರೆ, ಮುಕ್ಕಾಲಿನ ಮಗ್ಗಿ ಬೇರೆ.

ಕಾಲು, ಅರೆಗಳಿಗೆ ಇಷ್ಟು ಮಾನ ಸಿಗಲು ಕಾರಣ ನಾಣ್ಯ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಎಂದರೆ ರೂಪಾಯಿಗೆ 192 ಪೈ. ಕಾಳಿನ ಅಳತೆಯಲ್ಲಿ 20 ಕೊಳಗಕ್ಕೆ ಒಂದು ಖಂಡುಗ. ತೂಕದಲ್ಲಿ 40 ಸೇರಿಗೆ ಒಂದು ಮಣ. ಇದರ ತೊಡಕು ಕೂಡುವಾಗ ಕಾಣಿಸುತ್ತದೆ. ಸ್ಲೇಟಿನ ಮೇಲೆ 9ಕ್ಕೆ 10 ಕೂಡಿದರೆ ಬಿಡಿಯಲ್ಲಿ 9 ಉಳಿದು, ದಶಕ 1. ಅದೇ 9 ಆಣೆಗೆ 10 ಆಣೆ ಸೇರಿದರೆ ಉಳಿಯುವುದು 3 ಆಣೆ, ಮುಂದಕ್ಕೆ ಹೋಗುವುದು 1 ರೂಪಾಯಿ. ‘ದಶಕ ಒಂದು’ ಎಂದು ಶಾಲೆಯಲ್ಲಿ ಕಲಿತ ಮಗು ಅಂಗಡಿಯ ಮುಂದೆ ಬೇರೊಂದು ನಿಯಮ ಹಿಡಿಯಬೇಕಿತ್ತು. ಹಳಬರ ಬಾಯಿಲೆಕ್ಕ ಮೆಚ್ಚತಕ್ಕದ್ದೇ, ಆದರೆ ಅದರಲ್ಲಿ ಮಗ್ಗಿಯ ನೆನಪಿನ ಪಾಲು ಹೆಚ್ಚು, ಸ್ಥಾನದ ಅರಿವಿನದು ಕಡಿಮೆ. ಮುದ್ದೇನಹಳ್ಳಿಯಲ್ಲಿ ಹುಟ್ಟಿ ಚಿಕ್ಕಬಳ್ಳಾಪುರದಲ್ಲಿ ಮೊದಲ ಓದು ಕಲಿತ ಸರ್ ಎಂ. ವಿಶ್ವೇಶ್ವರಯ್ಯನವರ ಬಾಲ್ಯದ ಹಣಲೆಕ್ಕವೂ ಆಣೆ-ಪೈಗಳದೇ.

1957ರ ಏಪ್ರಿಲ್ 1ರಂದು ರೂಪಾಯಿಗೆ 100 ನಯಾಪೈಸೆಯಾಯಿತು. ತೂಕ-ಅಳತೆಗಳು 1958ರಿಂದ ಹಂತಹಂತವಾಗಿ ಬದಲಾಗಿ, ಸೇರು-ಮಣದ ಜಾಗಕ್ಕೆ ಕಿಲೋ ಬಂತು. ವಿಶ್ವೇಶ್ವರಯ್ಯನವರು 1962ರ ಏಪ್ರಿಲ್‌ನಲ್ಲಿ ತೀರಿಕೊಂಡಾಗ ಹತ್ತರ ಲೆಕ್ಕ ಸಂತೆಗೂ ಇಳಿದಿತ್ತು. ನಾಲ್ಕಾಣೆ, ಎಂಟಾಣೆ ಮಾತಿನಲ್ಲಿ ಮಾತ್ರ ಉಳಿದವು.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯನ್ನು ನೆಚ್ಚಿದ ಹಳ್ಳಿಗಳಲ್ಲಿ ನೂರರ ಲೆಕ್ಕ ದಿನದ ಮಾತು. ರೇಷ್ಮೆ ಬೆಳೆಗಾರರ ಬಾಯಲ್ಲಿ ಒಂದು ‘ಮೊಟ್ಟೆ’ ಎಂದರೆ ಒಂದು ಚಿಟ್ಟೆ ಇಟ್ಟ ಇಡೀ ಗುಂಪು, ಸುಮಾರು 400ರಿಂದ 500 ಮೊಟ್ಟೆಗಳು. ಇಳುವರಿಯನ್ನು ಕೇಳುವುದು ‘ನೂರು ಮೊಟ್ಟೆಗೆ ಎಷ್ಟು ಕೆಜಿ?’ ಎಂದೇ. ಒಂದು ಮೊಟ್ಟೆಗೆ 500 ಹುಳುವಾದರೆ ಹತ್ತಕ್ಕೆ 5,000, ನೂರಕ್ಕೆ 50,000. ಅದೇ 5 ಒಂದೊಂದು ಸ್ಥಾನ ಎಡಕ್ಕೆ ಸರಿದಂತೆ ಹತ್ತು ಪಟ್ಟು ಬೆಳೆಯುವುದನ್ನು ಇಂಥ ಮನೆಯ ಮಗುವಿಗೆ ಬೇರೆ ಉದಾಹರಣೆ ಹುಡುಕದೆ ತೋರಿಸಬಹುದು. ಚಿಂತಾಮಣಿಯ ಕಡೆ ಮನೆಮಾತು ತೆಲುಗಾದ ಮಕ್ಕಳು ಬಹಳ. ಎಣಿಕೆಯ ಕಟ್ಟು ಎರಡು ಭಾಷೆಯಲ್ಲೂ ಹತ್ತರದೇ ಆದ್ದರಿಂದ ಅದು ತೊಡಕಲ್ಲ.

ಶಾಲೆಯಲ್ಲಿ ಮಣಿಕಟ್ಟು ಮಾಡುವ ಕೆಲಸವನ್ನು ಮನೆಯಲ್ಲಿ ಪೊರಕೆಕಡ್ಡಿಯೂ ಹುಣಸೆಬೀಜವೂ ಮಾಡುತ್ತವೆ: ಹತ್ತು ಕಡ್ಡಿಗೆ ಒಂದು ಕಟ್ಟು, ಹತ್ತು ಕಟ್ಟಿಗೆ ಒಂದು ಹೊರೆ. ಮಕ್ಕಳು ಹೆಚ್ಚಾಗಿ ಎಡವುವುದು ಸೊನ್ನೆಯಲ್ಲಿ. ‘ನೂರ ಐದು’ ಎಂದು ಕೇಳಿ, ಕಿವಿಗೆ ಬಿದ್ದಂತೆ 100 ಬರೆದು ಪಕ್ಕದಲ್ಲಿ 5 ಇಟ್ಟು 1005 ಮಾಡುತ್ತವೆ. ಒಂದು ಹೊರೆ, ಕಟ್ಟು ಇಲ್ಲ, ಐದು ಬಿಡಿ ಎಂದು ಎದುರಿಗಿಟ್ಟರೆ ನಡುವಿನ ಸೊನ್ನೆ ಕಟ್ಟಿನ ಖಾಲಿ ಜಾಗ ಎಂಬುದು ತಿಳಿಯುತ್ತದೆ. ನೂರು, ಹತ್ತು, ಒಂದು ರೂಪಾಯಿಗಳಿಂದಲೂ ಇದನ್ನೇ ಮಾಡಿಸಬಹುದು. ಹಣ ಫೋನಿನಲ್ಲೇ ಕೈ ಬದಲಿಸುವ ಮನೆಗಳಲ್ಲಿ ಆ ಚಿಲ್ಲರೆಯನ್ನು ಮಕ್ಕಳಿಗೆಂದೇ ತಂದಿಡಬೇಕು.