ದನಗಳ ಕಾವಲು, ಸೆಳೆವದ ನೆಲೆ

ಕಜಾಕಸ್ತಾನದ ಹುಲ್ಲುಬಯಲಿನಲ್ಲಿ ಮರಿಮಾಡಿ, ನಮ್ಮ ಮಳೆಗಾಲ ಮುಗಿಯುವ ಹೊತ್ತಿಗೆ ದಖ್ಖನ್ನಿಗೆ ಇಳಿಯುವ ಬೇಟೆಹಕ್ಕಿಗಳಲ್ಲಿ ಮಾಂಟೆಗು ಸೆಳೆವವೂ ಒಂದು. ಗಂಡಿನದು ಬೂದು ಮೈ, ಕಪ್ಪು ರೆಕ್ಕೆತುದಿ. ಹೆಣ್ಣಿನದು ಕಂದು ಮೈ, ಬಾಲದ ಬುಡದಲ್ಲಿ ಬಿಳಿ ಪಟ್ಟಿ. ರೆಕ್ಕೆ ಬಿಚ್ಚಿದರೆ ಸುಮಾರು ಒಂದು ಮೀಟರ್ ಅಗಲ, ತೂಕ ಮಾತ್ರ ಅರ್ಧ ಕಿಲೋ ಕೂಡ ಇಲ್ಲ. ಆ ಹಗುರತನದಿಂದಲೇ ಅದು ರೆಕ್ಕೆಗಳನ್ನು ತುಸು ಮೇಲೆತ್ತಿ ಹಿಡಿದು, ಹುಲ್ಲಿನ ನೆತ್ತಿ ಸವರುವಷ್ಟು ತಗ್ಗಿನಲ್ಲಿ ನಿಧಾನವಾಗಿ ತೇಲಬಲ್ಲದು. ಗೂಬೆಗಿರುವಂತೆ ಮುಖದ ಸುತ್ತ ಗರಿಗಳ ಬಳೆಯಿದೆ. ಹುಲ್ಲಿನೊಳಗಿನ ಸದ್ದನ್ನು ಕಿವಿಗೆ ತಲುಪಿಸಲು ಅದು ನೆರವಾಗುತ್ತದೆ. ಸದ್ದು ಸಿಕ್ಕಿದ ಕಡೆ ಗಕ್ಕನೆ ತಿರುಗಿ, ಉದ್ದ ಕಾಲು ಚಾಚಿ ಎರಗುತ್ತದೆ. ಇರುಳಿಗೆ ಮರ ಏರುವುದಿಲ್ಲ. ಹುಲ್ಲಿನ ನಡುವೆ ನೆಲದ ಮೇಲೆಯೇ ಗುಂಪಾಗಿ ತಂಗುತ್ತದೆ. ಹೀಗೆ ಊಟಕ್ಕೂ ನಿದ್ದೆಗೂ ಹುಲ್ಲನ್ನೇ ನೆಚ್ಚಿದ ಹಕ್ಕಿಗೆ ಹಳೆಯ ಮೈಸೂರು ಸೀಮೆಯಲ್ಲಿ ವಿಶಾಲವಾದ ನೆಲೆ ಉಳಿದಿದ್ದರೆ, ಅದಕ್ಕೆ ಕಾರಣ ದನ ಸಾಕಿದ ಸರ್ಕಾರ ಎಂಬುದು ನನ್ನ ವಾದ.

ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿ ಟಿಪ್ಪುವಿನ ಆಳ್ವಿಕೆಯಲ್ಲಿ ಅಮೃತಮಹಲ್ ಆಯಿತು. ಅರಮನೆಗೆ ಹಾಲು ಬೆಣ್ಣೆ ಒದಗಿಸುತ್ತಿದ್ದ ವ್ಯವಸ್ಥೆ ಫಿರಂಗಿ ಎಳೆಯುವ, ದಂಡಿನ ಸಾಮಾನು ಹೊರುವ ಎತ್ತುಗಳನ್ನು ಬೆಳೆಸುವ ಇಲಾಖೆಯಾಗಿ ಬೆಳೆಯಿತು. 1799ರ ನಂತರ ಬ್ರಿಟಿಷರೂ ಅದನ್ನು ಉಳಿಸಿಕೊಂಡರು. 1860ರಲ್ಲಿ ಖರ್ಚು ತಗ್ಗಿಸಲು ಮುಚ್ಚಿದವರು, ಎತ್ತುಗಳಿಲ್ಲದೆ ಸೈನ್ಯ ಸಾಗದೆಂದು ಅರಿತು 1866ರಲ್ಲಿ ಮತ್ತೆ ತೆರೆದರು. ಈ ಹಿಂಡುಗಳಿಗೆಂದು ತುಮಕೂರು, ಚಿತ್ರದುರ್ಗ, ಹಾಸನ, ಚಿಕ್ಕಮಗಳೂರು ಸೀಮೆಗಳಲ್ಲಿ ಲಕ್ಷಾಂತರ ಎಕರೆ ಕಾವಲುಗಳನ್ನು, ಅಂದರೆ ಮೇವಿನ ಹುಲ್ಲುಗಾವಲುಗಳನ್ನು, ಕಾದಿರಿಸಲಾಗಿತ್ತು. ಬೇಸಿಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆ ಬೇರೆ ಬೇರೆ ಕಾವಲು. ದನ ಒಂದೆಡೆ ಮೇಯುತ್ತಿದ್ದರೆ ಇನ್ನೊಂದೆಡೆ ಹುಲ್ಲು ಚೇತರಿಸಿಕೊಳ್ಳುತ್ತಿತ್ತು; ನೇಗಿಲಿಗೆ ಅಲ್ಲಿ ಪ್ರವೇಶವಿರಲಿಲ್ಲ. ಹಕ್ಕಿಯನ್ನು ಉಳಿಸಬೇಕೆಂದು ಯಾರೂ ಹೊರಟಿರಲಿಲ್ಲ. ಆದರೂ ಅದಕ್ಕೆ ಬೇಕಾದ ಎರಡೂ, ಅಂದರೆ ಉಳದ ನೆಲ ಮತ್ತು ಮೊಣಕಾಲೆತ್ತರದ ಹುಲ್ಲು, ಆ ಏರ್ಪಾಟಿನಲ್ಲಿ ತಾವಾಗಿಯೇ ಒದಗುತ್ತಿದ್ದವು.

ಲಾರಿ, ಟ್ರ್ಯಾಕ್ಟರ್ ಬಂದಮೇಲೆ ಎತ್ತಿನ ಬೆಲೆ ಇಳಿಯಿತು, ಅದರೊಂದಿಗೆ ಕಾವಲಿನದೂ. ಸ್ವಲ್ಪ ಸಾಗುವಳಿಗೆ ಹೋಯಿತು, ಸ್ವಲ್ಪ ನೆಡುತೋಪಾಯಿತು. ಈ ಶತಮಾನದಲ್ಲಿ ಚಳ್ಳಕೆರೆಯ ಕಾವಲುಗಳ ಸಾವಿರಾರು ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಹುಲ್ಲುಗಾವಲೆಂದರೆ ಕಾಡು ಕಡಿದು ಉಳಿದ ಬೋಳು ನೆಲ, ಅಲ್ಲಿ ಮರ ನೆಟ್ಟರೆ ತಪ್ಪೇನು ಎಂದು ಕೇಳುವವರಿದ್ದಾರೆ. ಕಾಡು ಕಡಿದು ಬಯಲಾದ ಜಾಗಗಳು ಇಲ್ಲದಿಲ್ಲ. ಆದರೆ ಮಳೆನೆರಳಿನ ಈ ಒಣಸೀಮೆಯ ಕೃಷ್ಣಮೃಗದ ಓಟ, ಎರೆಭೂತ ಹಕ್ಕಿಯ (ಗ್ರೇಟ್ ಇಂಡಿಯನ್ ಬಸ್ಟರ್ಡ್) ನೆಲಗೂಡು ಕೆಲವು ನೂರು ವರ್ಷಗಳ ಕೊಡಲಿಪೆಟ್ಟಿನಿಂದ ಹುಟ್ಟಿದವಲ್ಲ. ಬಯಲಿನಲ್ಲಿ ಬಹುಕಾಲ ಬಾಳಿದ ಜೀವಿಗಳ ಲಕ್ಷಣಗಳು ಅವು. ರಾಣೆಬೆನ್ನೂರಿನ ಬಯಲನ್ನು ನೀಲಗಿರಿ ತೋಪು ಆವರಿಸಿತು. 1974ರಲ್ಲಿ ಅಲ್ಲಿ ಅಭಯಾರಣ್ಯ ಘೋಷಣೆಯಾದರೂ ಎರೆಭೂತ ಉಳಿಯಲಿಲ್ಲ.

ಸೆಳೆವ ಹೊಲದ ಮೇಲೂ ಬೇಟೆಯಾಡುತ್ತದಲ್ಲ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಹೌದು, ಶೇಂಗಾ, ಜೋಳದ ಹೊಲಗಳ ಮೇಲೆ ಅದು ಹಾರುತ್ತದೆ. ಯುರೋಪಿನಲ್ಲಿ ಗೋಧಿಯ ನಡುವೆ ಗೂಡನ್ನೂ ಕಟ್ಟುತ್ತದೆ. ಆದರೆ ಗುಜರಾತಿನ ವೇಳಾವದರದಲ್ಲಿ ನೂರಾರು ಸೆಳೆವಗಳು ಸಂಜೆ ಬಂದು ಸೇರುವುದು ರಕ್ಷಿತ ಹುಲ್ಲುಗಾವಲಿಗೆ. ತಂಗುವ ಜಾಗದಲ್ಲಿ ಅವು ಉಗುಳುವ ಉಂಡೆಗಳನ್ನು ಬಿಡಿಸಿದರೆ ಮಿಡತೆಯ ಕಾಲು, ದವಡೆಗಳ ಚೂರು ಸಿಗುತ್ತವೆ. ಕೊಯ್ಲಾದ ಹೊಲ ಇರುಳಿಗೆ ಮರೆ ಕೊಡಲಾರದು. ಕೀಟನಾಶಕ ಸಿಂಪಡಿಸಿದ ಹೊಲದಲ್ಲಿ ಮಿಡತೆಯೂ ಕಡಿಮೆ. ಹಾಗಾಗಿ ಹೊಲ ಹುಲ್ಲುಗಾವಲಿಗೆ ಪೂರಕವಾದೀತು, ಬದಲಿಯಾಗದು. ಸೆಳೆವಗಳ ಸಂಖ್ಯೆ ಇಳಿದಿರುವುದರ ಮೂಲ ಮರಿಮಾಡುವ ನಾಡಿನಲ್ಲಿರಬಹುದೆಂಬ ಮಾತೂ ಇದೆ. 1954ರಿಂದ ಸೋವಿಯತ್ ಸರ್ಕಾರ ಕಜಾಕಸ್ತಾನದ ಬಯಲನ್ನು ಭಾರೀ ಪ್ರಮಾಣದಲ್ಲಿ ಉತ್ತದ್ದು ನಿಜ. ಆದರೆ 1991ರ ನಂತರ ಆ ಹೊಲಗಳಲ್ಲಿ ದೊಡ್ಡ ಪಾಲು ಪಾಳುಬಿದ್ದು ಮತ್ತೆ ಹುಲ್ಲು ಹಬ್ಬಿತು. ಇಲ್ಲಿನ ತಂಗುದಾಣಗಳ ಎಣಿಕೆ ಮಾತ್ರ ಆ ಬಳಿಕವೂ ಇಳಿದಿದೆ. ಅಲ್ಲಿನ ಕಾರಣಗಳೇನೇ ಇದ್ದರೂ ಇಲ್ಲಿನ ಹುಲ್ಲಿನ ಹೊಣೆ ನಮ್ಮದೇ.

ಹಾಗಾದರೆ ಬೇಲಿ ಹಾಕಿ ದನಗಳನ್ನು ಹೊರಗಟ್ಟಿದರೆ ಸಾಕೇ? ಕಾವಲಿನ ಚರಿತ್ರೆ ಹಾಗೆ ಹೇಳುವುದಿಲ್ಲ. ಮಿತಿಮೀರಿ ಮೇಯಿಸಿದರೆ ಮರೆ ಹೋಗುತ್ತದೆ. ಪೂರ್ತಿ ನಿಲ್ಲಿಸಿದರೆ ಎಷ್ಟೋ ಕಡೆ ಬಳ್ಳಾರಿ ಜಾಲಿ ಮುತ್ತಿಕೊಳ್ಳುತ್ತದೆ. ಹದ ಇರುವುದು ಋತು ನೋಡಿ ಸರದಿ ಮೇಯಿಸುವುದರಲ್ಲಿ. ಹಳೆಯ ಇಲಾಖೆಗೆ ಆ ಲೆಕ್ಕ ಗೊತ್ತಿತ್ತು. ಇಂದು ಉಳಿದಿರುವ ಕಾವಲುಗಳನ್ನು ಪಾಳುಭೂಮಿಯ ಪಟ್ಟಿಯಿಂದ ತೆಗೆದು, ಗಿಡ ನೆಡುವ ಗುರಿಯಿಂದ ಬಿಡಿಸಿ, ಸುತ್ತಲಿನ ದನಗಾಹಿಗಳಿಗೆ ಸರದಿಯ ಹಕ್ಕನ್ನೂ ಹೊಣೆಯನ್ನೂ ಕೊಡುವುದು ಹೊಸ ಪ್ರಯೋಗವೇನಲ್ಲ. ಇನ್ನೂರು ವರ್ಷ ನಡೆದು ಫಲ ಕೊಟ್ಟ ಏರ್ಪಾಟನ್ನು, ಈ ಬಾರಿ ಹಕ್ಕಿಯನ್ನೂ ಲೆಕ್ಕಕ್ಕೆ ಹಿಡಿದು, ಮುಂದುವರಿಸಿದಂತಾಗುತ್ತದೆ.