ಕಾಳಿ ಹೊಳೆಯ ಕಾವಲು ಗುಡ್ಡ

ಬೇಲೆಕೇರಿಯಿಂದ ಗೋವೆಗೆ ಹೊರಟರೆ ಕಾರವಾರ ದಾಟಿ ಕಾಳಿ ಸೇತುವೆ ಹತ್ತುತ್ತಿದ್ದಂತೆ ಎದುರಿಗೊಂದು ಗುಡ್ಡ ಕಾಣುತ್ತದೆ. ಚಿಕ್ಕವನಿದ್ದಾಗ ನನಗದು ಸೇತುವೆ ಮುಗಿಯಿತೆಂಬ ಗುರುತು, ಅಷ್ಟೆ. ಅದರ ಮೇಲೊಂದು ಕೋಟೆಯಿತ್ತು, ಕೋಟೆಯಿಂದಲೇ ಊರಿಗೆ ಸದಾಶಿವಗಡ ಎಂಬ ಹೆಸರು ಬಂತು ಎಂದು ತಿಳಿದದ್ದು ಆಮೇಲೆ.

ಊರಿನ ಹಳೆಯ ಹೆಸರು ಚಿತ್ತಾಕುಲ. ಪೋರ್ಚುಗೀಸರ ಬಾಯಲ್ಲಿ ಅದು ‘ಸಿಂಟಾಕೋರ’. 16ನೇ ಶತಮಾನದ ಆರಂಭದಲ್ಲಿ ಕಾಳಿಯ ಉತ್ತರಕ್ಕೆ ಬಿಜಾಪುರದ ಸೀಮೆ, ದಕ್ಷಿಣಕ್ಕೆ ವಿಜಯನಗರದ್ದು. ಆಗಲೇ ಇಲ್ಲಿ ಬಿಜಾಪುರದ ಕಾವಲು ಕೋಟೆಯಿತ್ತು. 1510ರಲ್ಲಿ ಅಲ್ಬುಕರ್ಕ್ ಗೋವೆಯ ಮೇಲೆ ಏರಿಹೋದಾಗ ಅವನ ಜೊತೆಗಿದ್ದ ತಿಮ್ಮೋಜ ಈ ಕೋಟೆಗೆ ಮುತ್ತಿದ.

ಈಗ ನಾವು ನೋಡುವ ಗಡ ಸೋಂದೆಯ ಅರಸ ಬಸವಲಿಂಗನದು. 18ನೇ ಶತಮಾನದ ಆರಂಭದಲ್ಲಿ ಕಟ್ಟಿಸಿ ತಂದೆ ಸದಾಶಿವನ ಹೆಸರಿಟ್ಟ. ಅಲ್ಲೇ ಇದ್ದ ದರ್ಗಾ ನೋಡಿ ಪೋರ್ಚುಗೀಸರು ಇದನ್ನು ‘ಪೀರ್’ ಎಂದರು. ಮಗ ಅಪ್ಪನನ್ನು ನೆನೆದ, ಹಡಗಿನವರು ಪೀರನನ್ನು ನೆನೆದರು. ಇಬ್ಬರಿಗೂ ಬೇಕಾಗಿದ್ದು ಒಂದೇ: ಅಳಿವೆಗೆ ಬಂದುಹೋಗುವ ಹಡಗುಗಳ ಮೇಲೆ ಕಣ್ಣು. 1752ರಲ್ಲಿ ಪೋರ್ಚುಗೀಸರು ಗಡ ಹಿಡಿದರು, 1754ರಲ್ಲಿ ಬಿಟ್ಟುಕೊಟ್ಟರು. 1763ರಲ್ಲಿ ಹೈದರನ ಸೇನೆ ಬಂತು. ಸೋಂದೆಯ ಅರಸು ಮನೆತನ ಗೋವೆಗೆ ಹೋಗಿ ನೆಲೆಸಿತು. 1783ರಲ್ಲಿ ಜನರಲ್ ಮ್ಯಾಥ್ಯೂಸ್ ಬಂದ. 1799ರಲ್ಲಿ ಟಿಪ್ಪು ಮಡಿದ ಮೇಲೆ ಇಡೀ ಕರಾವಳಿ ಇಂಗ್ಲಿಷರದಾಯಿತು. ಹೊಳೆಯ ಎರಡೂ ದಡಕ್ಕೆ ಒಬ್ಬನೇ ಯಜಮಾನನಾದ ಮೇಲೆ ಕಾವಲಿಗೆ ಕೆಲಸವೆಲ್ಲಿ? ಸಿಪಾಯಿಗಳು ಹೋದರು, ಊರು ಉಳಿಯಿತು.

ಗಡಕ್ಕೆ ದೊಡ್ಡ ಪೆಟ್ಟು ಬಿದ್ದದ್ದು ಶಾಂತಿಯ ಕಾಲದಲ್ಲಿ. ಹೆದ್ದಾರಿ ಗುಡ್ಡವನ್ನೇ ಸೀಳಿಕೊಂಡು ಹೋಯಿತು. ಆ ರಸ್ತೆ ನಮಗೆ ಬೇಕಿತ್ತು, ಸುಳ್ಳು ಹೇಳಲಾರೆ. ಆಸ್ಪತ್ರೆಗೆ, ಮದುವೆಗೆ, ಕೆಲಸಕ್ಕೆ ನಾನೂ ಅದರಲ್ಲೇ ಓಡಾಡಿದವನು. ಆದರೆ ಗುಡ್ಡ ಕಡಿಯುವಾಗ ಏನನ್ನು ಕಡಿಯುತ್ತಿದ್ದೇವೆಂದು ನಮ್ಮಲ್ಲಿ ಎಷ್ಟು ಜನ ಕೇಳಿದೆವು?

2024ರ ಆಗಸ್ಟ್ 7ರ ನಡುರಾತ್ರಿ ಹಳೆಯ ಕಾಳಿ ಸೇತುವೆ ಕುಸಿಯಿತು. ಲಾರಿಯೊಂದು ಹೊಳೆಗೆ ಬಿತ್ತು; ಚಾಲಕನನ್ನು ಬದುಕಿಸಿದರು. ಕೆಲವು ದಿನಗಳ ನಂತರ ನಾನು ಗುಡ್ಡ ಹತ್ತಿದೆ. ಕೆಳಗೆ ಮುರಿದ ಸೇತುವೆ, ಪಕ್ಕದ ಹೊಸ ಸೇತುವೆಯ ಮೇಲೆ ವಾಹನಗಳ ಸಾಲು. ಹೊಳೆ ದಾಟುವ ಪ್ರತಿಯೊಂದೂ ಅಲ್ಲಿಂದ ಕಾಣುತ್ತಿತ್ತು. ಬಸವಲಿಂಗ ಈ ಜಾಗವನ್ನೇ ಏಕೆ ಆರಿಸಿದನೆಂದು ಯಾರೂ ವಿವರಿಸಬೇಕಾಗಲಿಲ್ಲ.

ಇಂದಿಗೂ ಪಂಚಾಯ್ತಿ ಹೆಸರು ಚಿತ್ತಾಕುಲ. ಬಸ್ಸಿನಲ್ಲಿ ಟಿಕೆಟ್ ಕೇಳುವಾಗ ಮಾತ್ರ ಎಲ್ಲರೂ ‘ಸದಾಶಿವಗಡ’ ಎನ್ನುತ್ತೇವೆ.